ಲೋಹದೊಳಗಿನ ಹಗ್ಗಜಗ್ಗಾಟ

1943ರ ಜನವರಿ 16ರ ರಾತ್ರಿ. ಅಮೆರಿಕದ ಆರೆಗಾನ್ ರಾಜ್ಯದ ಪೋರ್ಟ್‌ಲೆಂಡ್ ನಗರದ ಸ್ವಾನ್ ಐಲೆಂಡ್ ಹಡಗುಕಟ್ಟೆಯಲ್ಲಿ ‘ಸ್ಕೆನೆಕ್ಟಡಿ’ ಎಂಬ ಹೊಚ್ಚ ಹೊಸ ತೈಲವಾಹಕ ಹಡಗು ನಿಂತಿತ್ತು. ಅದನ್ನು ಸಮುದ್ರದಲ್ಲಿ ಓಡಿಸಿ ನೋಡುವ ಪರೀಕ್ಷೆ ಆಗಷ್ಟೇ ಮುಗಿದಿತ್ತು. ಬಿರುಗಾಳಿ ಇರಲಿಲ್ಲ, ಅಲೆಗಳ ಹೊಡೆತ ಇರಲಿಲ್ಲ. ಚಳಿ ಮಾತ್ರ ಜೋರಾಗಿತ್ತು. ಇದ್ದಕ್ಕಿದ್ದಂತೆ ಸಿಡಿಲು ಬಡಿದಂಥ ಸದ್ದು. ಒಂದು ಮೈಲಿ ದೂರದವರಿಗೂ ಅದು ಕೇಳಿಸಿತಂತೆ. ಏನಾಯಿತೆಂದು ನೋಡುವಷ್ಟರಲ್ಲಿ ಹಡಗಿನ ಡೆಕ್ಕು ಮತ್ತು ಎರಡೂ ಪಕ್ಕಗಳು ನಡುಮಧ್ಯೆ ಅಡ್ಡಡ್ಡ ಸೀಳಿಹೋಗಿದ್ದವು. ತಳದ ತಗಡೊಂದೇ ಎರಡು ಹೋಳುಗಳನ್ನು ಹಿಡಿದಿಟ್ಟಿತ್ತು.

ಇಂಜಿನಿಯರುಗಳು ಲೆಕ್ಕ ಹಾಕಿದರು. ಆ ರಾತ್ರಿ ಡೆಕ್ಕಿನ ಉಕ್ಕಿನ ಮೇಲಿದ್ದ ಹೊರೆ ಅದು ತಾಳಬಲ್ಲ ಹೊರೆಗಿಂತ ಎಷ್ಟೋ ಕಡಿಮೆ ಇತ್ತು. ಹಾಗಿದ್ದರೆ ಹಡಗನ್ನು ಮುರಿದ ಬಲ ಬಂದದ್ದಾದರೂ ಎಲ್ಲಿಂದ?

ಹಳೆಯ ಹಡಗುಗಳ ತಗಡುಗಳನ್ನು ರಿವೆಟ್ ಹೊಡೆದು ಜೋಡಿಸುತ್ತಿದ್ದರು. ಯುದ್ಧದ ಅವಸರದಲ್ಲಿ ಅಮೆರಿಕ ಆ ಪದ್ಧತಿ ಬಿಟ್ಟು ಬೆಸುಗೆಗೆ ಇಳಿದಿತ್ತು. ‘ಲಿಬರ್ಟಿ’ ಮಾದರಿಯ ಸರಕು ಹಡಗುಗಳೇ 2,710 ತಯಾರಾದವು. ಇಂಥ ಬೆಸುಗೆಯ ಹಡಗುಗಳಲ್ಲಿ ಒಂದಾದಮೇಲೊಂದರಂತೆ ಬಿರುಕುಗಳು ಕಾಣಿಸಿಕೊಂಡಾಗ, ಎಲ್ಲರ ಬಾಯಲ್ಲೂ ಬಂದ ಮಾತು ಒಂದೇ: ಬೆಸುಗೆಯೊಳಗೆ ಸಿಕ್ಕಿಕೊಂಡ ಬಿಗಿತ. ಕಣ್ಣಿಗೆ ಕಾಣದ, ತೂಗಲಾಗದ ಈ ಬಿಗಿತದ ಮೇಲೆ ಇಡೀ ಆರೋಪ ಹೊರಿಸುವುದು ಸುಲಭವಾಗಿತ್ತು. ಆರೋಪ ನಿಜವೇ ಎಂದು ಪರೀಕ್ಷಿಸುವುದು ಸುಲಭವಿರಲಿಲ್ಲ.

ಏನಿದು ಬಿಗಿತ? ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ತೊಡಿಸುವುದನ್ನು ನೋಡಿದವರಿಗೆ ಹೆಚ್ಚು ವಿವರಣೆ ಬೇಕಾಗದು. ಕಮ್ಮಾರ ಚಕ್ರದ ಸುತ್ತಳತೆಗಿಂತ ತುಸು ಕಿರಿದಾದ ಪಟ್ಟಿಯನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸುತ್ತಾನೆ. ಹಿಗ್ಗಿದ ಪಟ್ಟಿಯನ್ನು ಮರದ ಚಕ್ರಕ್ಕೆ ತೊಡಿಸಿ ಮೇಲೆ ನೀರು ಸುರಿಯುತ್ತಾನೆ. ಪಟ್ಟಿ ಕುಗ್ಗಿ ಚಕ್ರವನ್ನು ಅಪ್ಪಿ ಹಿಡಿಯುತ್ತದೆ. ಆಮೇಲೆ ಗಾಡಿ ಓಡಲಿ, ಮೂಲೆಯಲ್ಲಿ ಬಿದ್ದಿರಲಿ, ಕಬ್ಬಿಣ ಸದಾ ಎಳೆತದಲ್ಲಿರುತ್ತದೆ, ಮರ ಸದಾ ಒತ್ತಿಸಿಕೊಂಡಿರುತ್ತದೆ. ಹೊರಗಿನಿಂದ ಯಾರೂ ತಳ್ಳುತ್ತಿಲ್ಲ, ಎಳೆಯುತ್ತಿಲ್ಲ, ಜಗ್ಗಾಟವೆಲ್ಲ ಒಳಗೇ. ಎರಡೂ ಕಡೆಯ ಬಲ ಸಮವಾಗಿರುವುದರಿಂದ ಚಕ್ರ ಶಾಂತವಾಗಿರುವಂತೆ ತೋರುತ್ತದೆ, ಅಷ್ಟೆ.

ಒಂದೇ ತುಂಡು ಲೋಹದೊಳಗೂ ಇದೇ ನಡೆಯುತ್ತದೆ. ಬೆಸೆಯುವಾಗ ಕರಗಿದ ಲೋಹ ತಣ್ಣಗಾಗುತ್ತ ಕುಗ್ಗಬಯಸುತ್ತದೆ, ಪಕ್ಕದ ತಣ್ಣನೆಯ ತಗಡು ಅದಕ್ಕೆ ಬಿಡುವುದಿಲ್ಲ. ಬೆಸುಗೆಯ ಗೆರೆ ಎಳೆತದಲ್ಲಿಯೇ ಹೆಪ್ಪುಗಟ್ಟುತ್ತದೆ. ಎರಕ, ಬಡಿತ, ಕಡೆತ, ಸಾಣೆ, ಕಾಯಿಸಿ ನೀರಿಗೆ ಅದ್ದುವುದು ಇವೆಲ್ಲವೂ ಒಂದಲ್ಲ ಒಂದು ಬಗೆಯ ಬಿಗಿತವನ್ನು ಲೋಹದಲ್ಲಿ ಉಳಿಸಿ ಹೋಗುತ್ತವೆ. ಇಂಜಿನಿಯರುಗಳು ಇದನ್ನು ‘ರೆಸಿಡ್ಯುಯಲ್ ಸ್ಟ್ರೆಸ್’ ಎನ್ನುತ್ತಾರೆ. ಕನ್ನಡದಲ್ಲಿ ಉಳಿಕೆ ಬಿಗಿತ ಎಂದರೆ ಅರ್ಥವಾದೀತು.

ಈ ಉಳಿಕೆ ಬಿಗಿತ ಸೈನ್ಯಾಧಿಕಾರಿಗಳ ನಿದ್ದೆಗೆಡಿಸಿದ ಒಂದು ಪ್ರಸಂಗ ಭಾರತದಲ್ಲಿಯೇ ನಡೆದಿತ್ತು. ಬ್ರಿಟಿಷರ ಆಳ್ವಿಕೆಯ ಕಾಲದಲ್ಲಿ ಮಳೆಗಾಲ ಬಂತೆಂದರೆ ದಂಡಿನ ಚಟುವಟಿಕೆ ನಿಲ್ಲುತ್ತಿತ್ತು. ಬಂದೂಕಿನ ತೋಟಾಗಳನ್ನು ಕುದುರೆ ಲಾಯಗಳಲ್ಲಿ ತುಂಬಿಡುತ್ತಿದ್ದರು. ಮಳೆ ನಿಂತ ಮೇಲೆ ತೆಗೆದು ನೋಡಿದರೆ ಹಿತ್ತಾಳೆಯ ಕೊಳವೆಗಳಲ್ಲಿ ಬಿರುಕು! ಯಾರೂ ಮುಟ್ಟಿಲ್ಲ, ಒಂದು ಗುಂಡೂ ಹಾರಿಲ್ಲ, ಆದರೂ ತೋಟಾ ಒಡೆದಿದೆ. ಋತುವಿಗೆ ತಕ್ಕಂತೆ ಬರುವ ಈ ಕಾಯಿಲೆಗೆ ‘ಸೀಸನ್ ಕ್ರ್ಯಾಕಿಂಗ್’ ಎಂಬ ಹೆಸರು ಅಂಟಿಕೊಂಡಿತು. ಹೆಸರು ಇಟ್ಟದ್ದರಿಂದ ರೋಗದ ಮೂಲವೇನೂ ಸಿಗಲಿಲ್ಲ.

ಅದು ಖಚಿತವಾದದ್ದು 1921ರಲ್ಲಿ. ಮೂರ್, ಬೆಕಿನ್‌ಸೇಲ್ ಮತ್ತು ಮ್ಯಾಲಿನ್‌ಸನ್ ಎಂಬ ಮೂವರು ಬ್ರಿಟಿಷ್ ಲೋಹಶಾಸ್ತ್ರಜ್ಞರು ಎರಡು ಕಾರಣಗಳನ್ನು ತೋರಿಸಿಕೊಟ್ಟರು. ತೋಟಾದ ಕೊಳವೆಯನ್ನು ಹಿತ್ತಾಳೆಯ ಬಿಲ್ಲೆಯಿಂದ ಹಂತಹಂತವಾಗಿ, ಕಾಯಿಸದೆ, ಅಚ್ಚಿನೊಳಗೆ ತೂರಿಸಿ ಎಳೆಯುತ್ತಾರೆ. ಆಗ ಮೈಯಲ್ಲಿ ಎಳೆತ ಉಳಿದುಬಿಡುತ್ತದೆ. ಇನ್ನೊಂದು ಕಾರಣ ಲಾಯದಲ್ಲಿತ್ತು. ಕುದುರೆಗಳ ಮೂತ್ರದಿಂದ ಏಳುವ ಅಮೋನಿಯ, ಮಳೆಗಾಲದ ತೇವದ ಜೊತೆ ಸೇರಿ ಆ ಎಳೆತದ ಜಾಗವನ್ನು ಕೊರೆಯುತ್ತಿತ್ತು. ಎಳೆತವಿಲ್ಲದ ಹಿತ್ತಾಳೆಗೆ ಇಷ್ಟು ಅಮೋನಿಯದಿಂದ ಬಿರುಕು ಬರುತ್ತಿರಲಿಲ್ಲ. ಅಮೋನಿಯವಿಲ್ಲದಿದ್ದರೆ ಎಳೆತವೂ ಸುಮ್ಮನೆ ಮಲಗಿರುತ್ತಿತ್ತು. ಪರಿಹಾರ ತೀರ ಸರಳ. ತಯಾರಾದ ಕೊಳವೆಯನ್ನು ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್‌ಗೆ ಹದವಾಗಿ ಕಾಯಿಸಿದರೆ ಹಿತ್ತಾಳೆ ಮೆತ್ತಗಾಗದೆ ಬಿಗಿತ ಮಾತ್ರ ಸಡಿಲಾಗುತ್ತದೆ.

ಕಾಯಿಸಿದ ಮೇಲೆ ಬಿಗಿತ ನಿಜಕ್ಕೂ ಹೋಗಿದೆಯೇ ಎಂದು ನೋಡುವುದಕ್ಕೆ ಆ ಕಾಲದವರಲ್ಲಿ ಒಂದು ವಿಚಿತ್ರ ಉಪಾಯವಿತ್ತು. ಪಾದರಸದ ಲವಣದ ದ್ರಾವಣದಲ್ಲಿ ಕೊಳವೆಯನ್ನು ಅದ್ದುವುದು. ಒಡೆದರೆ ಬಿಗಿತ ಇತ್ತು, ಒಡೆಯದಿದ್ದರೆ ಇರಲಿಲ್ಲ! ಎಷ್ಟಿತ್ತು, ಎತ್ತ ಕಡೆಗಿತ್ತು ಎಂಬುದಕ್ಕೆ ಉತ್ತರವಿಲ್ಲ.

ಎಷ್ಟು ಎಂದು ತಿಳಿಯಬೇಕಾದರೆ ಲೋಹವನ್ನು ಕೊಯ್ಯಬೇಕಿತ್ತು. ರಷ್ಯದ ಕಲಾಕುಟ್‌ಸ್ಕಿ ಎರಕದ ಕಬ್ಬಿಣ ಮತ್ತು ಉಕ್ಕಿನ ಒಳಬಿಗಿತದ ಬಗ್ಗೆ ಪ್ರಕಟಿಸಿದ ಅಧ್ಯಯನ 1888ರಷ್ಟು ಹಿಂದಿನದು. ಬರ್ಲಿನ್ನಿನ ಎಮಿಲ್ ಹೈನ್ 20ನೇ ಶತಮಾನದ ಆರಂಭದಲ್ಲಿ ಸರಳುಗಳನ್ನು ಪದರಪದರವಾಗಿ ಕೊರೆದು, ಉಳಿದ ಭಾಗ ಎಷ್ಟು ಉದ್ದವಾಯಿತು, ಎಷ್ಟು ಗಿಡ್ಡವಾಯಿತು ಎಂದು ಅಳೆದರು. ಜಗ್ಗಾಟದಲ್ಲಿ ಒಂದು ಪಕ್ಷವನ್ನು ತೆಗೆದುಬಿಟ್ಟರೆ ಇನ್ನೊಂದು ಪಕ್ಷ ಸರಿಯುತ್ತದಲ್ಲ, ಆ ಸರಿತದಿಂದ ಬಿಗಿತದ ಲೆಕ್ಕ ಸಿಗುತ್ತದೆ. ಜರ್ಮನಿಯ ಜಾರ್ಜ್ ಸಾಕ್ಸ್ 1927ರಲ್ಲಿ ಈ ಕೊರೆತದ ಲೆಕ್ಕವನ್ನು ಚೊಕ್ಕಗೊಳಿಸಿದರು. ಆದರೆ ಚಿನ್ನದ ಮೊಟ್ಟೆಯಿಡುವ ಕೋಳಿಯ ಹೊಟ್ಟೆ ಬಗೆದಂತೆ, ಪರೀಕ್ಷೆ ಮುಗಿಯುವಷ್ಟರಲ್ಲಿ ಪರೀಕ್ಷಿಸಿದ ವಸ್ತುವೇ ಇರುತ್ತಿರಲಿಲ್ಲ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಹಿಚುಕಿದರೆ ಸಾಕು ಎನ್ನುತ್ತಾರೆ. ಬಿಗಿತದ ವಿಷಯದಲ್ಲಿ ಆ ಮಾತು ನಡೆಯುವುದಿಲ್ಲ. ಒಂದೇ ಕುಲುಮೆಯಿಂದ, ಒಂದೇ ದಿನ ಬಂದ ಎರಡು ತುಂಡುಗಳಲ್ಲಿ ಬಿಗಿತ ಬೇರೆಬೇರೆ ಇರಬಹುದು. ಕೊಯ್ದ ತುಂಡಿನ ಕಥೆ ಗೊತ್ತಾಗುತ್ತದೆ, ಬಳಕೆಗೆ ಹೋಗುವ ತುಂಡಿನದು ಗೊತ್ತಾಗುವುದಿಲ್ಲ.

ಇಷ್ಟರಲ್ಲಿ ಕ್ಷ-ಕಿರಣ ಬಂದು ವರ್ಷಗಳೇ ಕಳೆದಿದ್ದವು. 1895ರ ನವೆಂಬರಿನಲ್ಲಿ ರಾಂಟ್‌ಜೆನ್ ಅದನ್ನು ಕಂಡುಹಿಡಿದಿದ್ದರು. ಮುರಿದ ಮೂಳೆಯನ್ನು ತೋರಿಸುವ ಕಿರಣ ಎರಕದೊಳಗಿನ ಪೊಳ್ಳು, ಬಿರುಕುಗಳನ್ನೂ ತೋರಿಸುತ್ತಿತ್ತು. ಬಿಗಿತವನ್ನು ಮಾತ್ರ ತೋರಿಸುತ್ತಿರಲಿಲ್ಲ. ಏಕೆಂದರೆ ಬಿಗಿದ ಸರಳಿನ ನೆರಳೂ ಸಡಿಲ ಸರಳಿನ ನೆರಳೂ ಒಂದೇ. ಬೇಕಾದದ್ದು ನೆರಳಿಗಿಂತ ಸೂಕ್ಷ್ಮವಾದ ಸಾಕ್ಷಿ.

ಅದಕ್ಕೆ ದಾರಿ ತೆರೆದದ್ದು 1912. ಮ್ಯೂನಿಕ್‌ನಲ್ಲಿ ಮ್ಯಾಕ್ಸ್ ಫಾನ್ ಲಾವೆ ಅವರ ಸಲಹೆಯಂತೆ ಫ್ರೀಡ್ರಿಕ್ ಮತ್ತು ಕ್ನಿಪಿಂಗ್ ಮೈಲುತುತ್ತದ ಹರಳೊಂದರ ಮೂಲಕ ಕ್ಷ-ಕಿರಣ ಹಾಯಿಸಿದರು. ಹಿಂದಿದ್ದ ಫೋಟೋ ಫಲಕದ ಮೇಲೆ ಚುಕ್ಕೆಗಳು ಮೂಡಿದವು. ಅದೇ ವರ್ಷದ ಕೊನೆಯಲ್ಲಿ ಕೇಂಬ್ರಿಜ್‌ನ ವಿದ್ಯಾರ್ಥಿ, 22 ವರ್ಷದ ಲಾರೆನ್ಸ್ ಬ್ರಾಗ್, ಆ ಚುಕ್ಕೆಗಳ ಗುಟ್ಟನ್ನು ಒಂದು ಪುಟ್ಟ ಸೂತ್ರದಲ್ಲಿ ಹಿಡಿದುಕೊಟ್ಟರು. ತಂದೆ ವಿಲಿಯಂ ಬ್ರಾಗ್ ಜೊತೆ 1915ರ ನೊಬೆಲ್ ಬಹುಮಾನ ಅವರಿಗೆ ಬಂತು.

ಬಸ್ಸಿನಲ್ಲಿ ಕುಳಿತು ಅಡಿಕೆ ತೋಟದ ಪಕ್ಕ ಹಾಯುವಾಗ ಒಂದು ಚಮತ್ಕಾರ ಕಾಣುತ್ತದೆ. ಗೊಂದಲವಾಗಿ ನಿಂತಂತಿದ್ದ ಮರಗಳು ಯಾವುದೋ ಒಂದು ಕೋನದಲ್ಲಿ ಥಟ್ಟನೆ ಸಾಲಾಗಿ, ನಡುವೆ ಉದ್ದನೆಯ ಓಣಿ ತೆರೆದುಕೊಳ್ಳುತ್ತದೆ. ಸ್ವಲ್ಪ ಮುಂದೆ ಹೋದರೆ ಓಣಿ ಮಾಯ, ಇನ್ನೊಂದು ಕೋನದಲ್ಲಿ ಇನ್ನೊಂದು ಓಣಿ. ಎಷ್ಟು ಅಂತರಕ್ಕೆ ಗಿಡ ನೆಟ್ಟಿದ್ದಾರೆ ಎಂಬುದರ ಮೇಲೆ ಓಣಿ ಯಾವ ಕೋನದಲ್ಲಿ ಕಾಣಬೇಕೆಂಬುದು ನಿಶ್ಚಯವಾಗಿರುತ್ತದೆ. ಲೋಹದ ಪರಮಾಣುಗಳೂ ಹೀಗೆ ಸಾಲುಸಾಲಾಗಿ, ಪದರಪದರವಾಗಿ ನಿಂತಿವೆ. ಪದರಗಳ ನಡುವಿನ ಅಂತರಕ್ಕೆ ಹೊಂದುವ ಕೋನದಲ್ಲಿ ಮಾತ್ರ ಕ್ಷ-ಕಿರಣ ಜೋರಾಗಿ ಹಿಂದಿರುಗುತ್ತದೆ. ಬ್ರಾಗ್ ಸೂತ್ರ ಹೇಳುವುದು ಇದನ್ನೇ. ಕೋನ ಗೊತ್ತಾದರೆ ಅಂತರ ಗೊತ್ತಾಯಿತು.

ಬಿಗಿತಕ್ಕೂ ಇದಕ್ಕೂ ಇರುವ ನಂಟು ಇಲ್ಲಿದೆ. ಲೋಹವನ್ನು ಎಳೆದರೆ ಎಳೆದ ದಿಕ್ಕಿನಲ್ಲಿ ಪರಮಾಣುಗಳ ಅಂತರ ಒಂದಿಷ್ಟು ಹಿಗ್ಗುತ್ತದೆ, ಒತ್ತಿದರೆ ಕುಗ್ಗುತ್ತದೆ. ಅಂದರೆ ಲೋಹ ತನ್ನ ಬಿಗಿತದ ಅಳತೆಪಟ್ಟಿಯನ್ನು ತನ್ನೊಳಗೇ ಇಟ್ಟುಕೊಂಡಿದೆ! ಅದನ್ನು ಓದುವ ಕಣ್ಣು ಬೇಕಿತ್ತು, ಅಷ್ಟೆ.

ಓದಲು ಮೊದಲು ಕೈಹಾಕಿದವರು ಅಮೆರಿಕದ ಸೇನಾ ಕಾರ್ಖಾನೆಯವರು. ಮ್ಯಾಸಚೂಸೆಟ್ಸ್‌ನ ವಾಟರ್‌ಟೌನ್ ಆಯುಧಾಗಾರದಲ್ಲಿ ಹೊರೇಸ್ ಲೆಸ್ಟರ್ ಎಂಬ ವಿಜ್ಞಾನಿ 1922ರ ಸುಮಾರಿಗೆ ಕ್ಷ-ಕಿರಣ ಪ್ರಯೋಗಾಲಯ ತೆರೆದು, ಉಕ್ಕಿನ ಎರಕಗಳ ಒಳಗನ್ನು ನೋಡುವ ಕೆಲಸದಲ್ಲಿದ್ದರು. 1925ರಲ್ಲಿ ಲೆಸ್ಟರ್ ಮತ್ತು ಅಬಾರ್ನ್ ಉಕ್ಕನ್ನು ಎಳೆದು ಹಿಡಿದು, ಅದರ ಹರಳುಗಳಲ್ಲಿ ಆಗುವ ಬದಲಾವಣೆಯನ್ನು ಕ್ಷ-ಕಿರಣದಿಂದ ಪರೀಕ್ಷಿಸಿದರು. ಬಿಗಿತವನ್ನು ಈ ದಾರಿಯಲ್ಲಿ ಅಳೆಯಬಹುದೆಂಬ ಮಾತು ಶುರುವಾದದ್ದು ಅಲ್ಲಿಂದ. ಐದು ವರ್ಷಗಳ ನಂತರ, 1930ರಲ್ಲಿ, ಕೊರೆದು ಅಳೆಯುವ ಲೆಕ್ಕ ಕೊಟ್ಟಿದ್ದ ಅದೇ ಸಾಕ್ಸ್ ತಮ್ಮ ಸಹೋದ್ಯೋಗಿ ವೇಯರ್ಟ್ಸ್ ಜೊತೆ ಸೇರಿ ಕ್ಷ-ಕಿರಣ ವಿಧಾನಕ್ಕೆ ಭದ್ರ ಬುನಾದಿ ಹಾಕಿದರು. ಕೊರೆಯುವ ವಿದ್ಯೆಯಲ್ಲಿ ನಿಪುಣನಾದವನೇ ಕೊರೆಯದೆ ಅಳೆಯುವ ದಾರಿಯನ್ನು ಹುಡುಕಿದ್ದು ಈ ಚರಿತ್ರೆಯ ಸ್ವಾರಸ್ಯಗಳಲ್ಲಿ ಒಂದು.

ಆದರೆ ಓದಬೇಕಾದ ವ್ಯತ್ಯಾಸ ಎಷ್ಟು ಸಣ್ಣದು! ಉಕ್ಕಿನಲ್ಲಿ ಸಾಮಾನ್ಯವಾಗಿ ಅಳೆಯುವ ಪರಮಾಣು ಪದರಗಳ ನಡುವಿನ ಅಂತರ 1.17 ಆಂಗ್‌ಸ್ಟ್ರಮ್. ಒಂದು ಆಂಗ್‌ಸ್ಟ್ರಮ್ ಎಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಭಾಗ. ಒಂದು ಚದರ ಮಿಲಿಮೀಟರಿಗೆ 10 ಕಿಲೋಗ್ರಾಂ ಭಾರ ಬಿದ್ದಾಗ ಈ ಅಂತರ ಬದಲಾಗುವುದು ಹತ್ತು ಸಾವಿರದಲ್ಲಿ ಐದು ಪಾಲು ಮಾತ್ರ. ಇಷ್ಟನ್ನು ಹಿಡಿಯಲು ಒಂದು ಜಾಣತನ ಬೇಕಾಯಿತು. ಕ್ರೋಮಿಯಂನಿಂದ ಹೊಮ್ಮುವ ಕ್ಷ-ಕಿರಣ ಉಕ್ಕಿಗೆ ಬಡಿದು ಹೆಚ್ಚುಕಡಿಮೆ ಬಂದ ದಾರಿಯಲ್ಲೇ ಹಿಂದಿರುಗುವಂಥ ಕೋನವೊಂದಿದೆ. ಅಲ್ಲಿ ಅಂತರದ ಅತಿ ಸಣ್ಣ ಬದಲಾವಣೆಯೂ ಕೋನದಲ್ಲಿ ದೊಡ್ಡದಾಗಿ ತೋರುತ್ತದೆ. ಮೇಲೆ ಹೇಳಿದ 10 ಕಿಲೋಗ್ರಾಮಿಗೆ ಕಿರಣ ಸುಮಾರು ಕಾಲು ಡಿಗ್ರಿಯಷ್ಟು ಸರಿಯುತ್ತದೆ. ಕಾಲು ಡಿಗ್ರಿಯನ್ನು ಯಂತ್ರ ನಿರಾಯಾಸವಾಗಿ ಓದುತ್ತದೆ.

ಇನ್ನೂ ಒಂದು ತೊಡಕಿತ್ತು. ಅಂತರ ಹಿಗ್ಗಿದೆ ಎನ್ನಲು ಬಿಗಿತವಿಲ್ಲದಾಗ ಅದು ಎಷ್ಟಿತ್ತು ಎಂಬುದು ಗೊತ್ತಿರಬೇಕು. ಕಾರ್ಖಾನೆಯಿಂದ ಬಂದ ಗೇರಿಗೆ ಬಿಗಿತವಿಲ್ಲದ ಅವಳಿ ಎಲ್ಲಿಂದ ತರುವುದು? ಇದಕ್ಕೆ ಉತ್ತರ, ಭಾಗವನ್ನು ಓರೆ ಮಾಡಿ ನೋಡುವುದು. ರಬ್ಬರ್ ಪಟ್ಟಿಯನ್ನು ಎಳೆದರೆ ಅದು ಉದ್ದವಾಗುತ್ತದೆ, ಜೊತೆಗೆ ತೆಳ್ಳಗೂ ಆಗುತ್ತದೆ. ಹಾಗೆಯೇ ಎಳೆತದಲ್ಲಿರುವ ಲೋಹದಲ್ಲಿ ಮೇಲ್ಮೈಗೆ ಸಮಾನಾಂತರವಾಗಿ ಮಲಗಿದ ಪದರಗಳು ಹತ್ತಿರ ಬರುತ್ತವೆ, ಎದ್ದು ನಿಂತ ಪದರಗಳು ದೂರ ಸರಿಯುತ್ತವೆ. ಕಿರಣದೆದುರು ಭಾಗವನ್ನು ಸ್ವಲ್ಪಸ್ವಲ್ಪವೇ ವಾಲಿಸುತ್ತ ಅಂತರ ಅಳೆದರೆ, ಬಿಗಿತವಿಲ್ಲದ ಲೋಹದಲ್ಲಿ ಅದು ಬದಲಾಗದು. ಎಳೆತವಿದ್ದರೆ ಏರುತ್ತದೆ, ಒತ್ತಡವಿದ್ದರೆ ಇಳಿಯುತ್ತದೆ. ಏರಿಳಿತದ ಕಡಿದಾಟವೇ ಬಿಗಿತದ ಪ್ರಮಾಣ. 1961ರಲ್ಲಿ ಜರ್ಮನಿಯ ಮಾಖೆರೌಖ್ ಮತ್ತು ಮ್ಯೂಲರ್ ಈ ಅಳತೆಗಳನ್ನು ಒಂದು ಸರಳ ರೇಖೆಗೆ ಇಳಿಸಿದರು. ವಾಲಿಸಿದ ಕೋನದ ಗ್ರೀಕ್ ಅಕ್ಷರದಿಂದಾಗಿ ‘ಸೈನ್ ಸ್ಕ್ವೇರ್ ಸೈ’ ಎಂಬ, ನಾಲಿಗೆ ತೊಡರುವ ಹೆಸರು ಅದಕ್ಕಿದೆ. ಪ್ರಪಂಚದ ಪ್ರಯೋಗಾಲಯಗಳಲ್ಲಿ ಇಂದಿಗೂ ಹೆಚ್ಚು ನಡೆಯುವುದು ಅದೇ.

ಮತ್ತೆ ‘ಸ್ಕೆನೆಕ್ಟಡಿ’ಗೆ ಬರೋಣ. ಹಡಗು ದುರಸ್ತಿಯಾಗಿ ಸಮುದ್ರಕ್ಕಿಳಿಯಿತು. ಬೆಸುಗೆಯ ಹಡಗುಗಳ ವೈಫಲ್ಯವನ್ನು ಶೋಧಿಸಿದ ಅಮೆರಿಕದ ತನಿಖಾ ಮಂಡಳಿ 1946ರಲ್ಲಿ ಕೊಟ್ಟ ತೀರ್ಮಾನ ಹಲವರಿಗೆ ಅಚ್ಚರಿ ತಂದಿರಬೇಕು. ಸಿಕ್ಕಿಕೊಂಡ ಬಿಗಿತಕ್ಕೆ ಮುಖ್ಯ ಪಾತ್ರವಿಲ್ಲ. ಡೆಕ್ಕಿನ ಬಾಗಿಲುಗಳ ಚೂಪು ಮೂಲೆಗಳು, ಬೆಸುಗೆಯ ದೋಷಗಳು, ಚಳಿಗೆ ಗಾಜಿನಂತಾಗುವ ಉಕ್ಕು ಇವೇ ಕಾರಣ ಎಂದಿತು ಮಂಡಳಿ. ಉಕ್ಕು ಒಂದು ಮಟ್ಟಕ್ಕಿಂತ ತಣ್ಣಗಾದರೆ ಬಾಗದೆ ಸಿಡಿಯುತ್ತದೆಂಬುದನ್ನು ಕೇಂಬ್ರಿಜ್‌ನ ಕಾನ್‌ಸ್ಟೆನ್ಸ್ ಟಿಪ್ಪರ್ ಎಂಬ ಮಹಿಳೆ ತೋರಿಸಿದ್ದರು. ಹೀಗೆ ಇಡೀ ಆರೋಪ ಹೊತ್ತಿದ್ದ ಬಿಗಿತ ಖುಲಾಸೆಯಾಯಿತು. ಆದರೆ ಪೂರ್ತಿ ಅಲ್ಲ. 1950ರ ದಶಕದಲ್ಲಿ ಬ್ರಿಟನ್ನಿನ ಅಲನ್ ವೆಲ್ಸ್ ಅಗಲವಾದ ಬೆಸುಗೆಯ ತಗಡುಗಳನ್ನು ಎಳೆದು ಪರೀಕ್ಷಿಸಿದಾಗ ಬೇರೊಂದು ಮುಖ ಕಂಡಿತು. ಚಳಿ, ಚೂಪಾದ ಗಾಯ, ಉಳಿಕೆ ಬಿಗಿತ ಮೂರೂ ಒಟ್ಟಿಗೆ ಸೇರಿದರೆ ಅಲ್ಪ ಹೊರೆಗೇ ಉಕ್ಕು ಸೀಳುತ್ತದೆ. ಲಾಯದ ತೋಟಾಗಳಂತೆ ಇಲ್ಲಿಯೂ ಅಪರಾಧಿ ಒಬ್ಬನೇ ಆಗಿರಲಿಲ್ಲ. ಅಳತೆ ಕೈಯಲ್ಲಿ ಇಲ್ಲದಿದ್ದ ಕಾಲದಲ್ಲಿ ಬಿಗಿತವನ್ನು ಒಮ್ಮೆ ಮರೆತರು, ಒಮ್ಮೆ ಎಲ್ಲಕ್ಕೂ ಹೊಣೆ ಮಾಡಿದರು.

ಬಿಗಿತ ಶತ್ರುವೇ ಆಗಬೇಕೆಂದೇನೂ ಇಲ್ಲ. ಬಿರುಕು ಸಾಮಾನ್ಯವಾಗಿ ಹುಟ್ಟುವುದು ಮೇಲ್ಮೈಯಲ್ಲಿ, ಬಾಯಿ ಬಿಡಲು ಅದಕ್ಕೆ ಎಳೆತ ಬೇಕು. ಮೇಲ್ಮೈಯನ್ನು ಮೊದಲೇ ಒತ್ತಿ ಹಿಡಿದಿಟ್ಟರೆ? ಜನರಲ್ ಮೋಟರ್ಸ್ ಕಂಪನಿಯ ಸಂಶೋಧಕ ಜಾನ್ ಆಲ್ಮೆನ್ ಹಿಡಿದದ್ದು ಈ ಜಾಡನ್ನೇ. ಸಣ್ಣ ಉಕ್ಕಿನ ಗುಂಡುಗಳ ಮಳೆಯನ್ನು ಸ್ಪ್ರಿಂಗುಗಳ ಮೇಲೆ, ಗೇರುಗಳ ಮೇಲೆ ಎರಚುವುದು. ಪ್ರತಿ ಗುಂಡೂ ಒಂದು ಪುಟ್ಟ ಸುತ್ತಿಗೆಯೇಟು. ಏಟು ತಿಂದ ತೊಗಲು ಹರಡಬಯಸುತ್ತದೆ, ಕೆಳಗಿನ ಲೋಹ ಬಿಡುವುದಿಲ್ಲ, ತೊಗಲು ಒತ್ತಡದಲ್ಲಿ ಉಳಿಯುತ್ತದೆ. ‘ಶಾಟ್ ಪೀನಿಂಗ್’ ಎಂಬ ಈ ಸಂಸ್ಕಾರದ ಬಿರುಸನ್ನು ಅಳೆಯಲು ಆಲ್ಮೆನ್ ಉಪಯೋಗಿಸಿದ್ದು 76 ಮಿಲಿಮೀಟರ್ ಉದ್ದದ ಒಂದು ಉಕ್ಕಿನ ಪಟ್ಟಿ. ಒಂದೇ ಪಕ್ಕಕ್ಕೆ ಏಟು ಬಿದ್ದರೆ ಪಟ್ಟಿ ಬಿಲ್ಲಿನಂತೆ ಬಾಗುತ್ತದೆ. ಬಾಗಿದ್ದು ಹೆಚ್ಚಾದಷ್ಟೂ ಏಟಿನ ಬಿರುಸು ಹೆಚ್ಚು. ಆದರೆ ಪಟ್ಟಿ ಹೇಳುವುದು ಏಟಿನ ಲೆಕ್ಕ. ನಿಜವಾದ ಗೇರಿನ ಹಲ್ಲಿನ ಬುಡದಲ್ಲಿ ಎಷ್ಟು ಒತ್ತಡ ಕೂತಿದೆ ಎಂಬುದನ್ನು ಹೇಳಬೇಕಾದದ್ದು ಕ್ಷ-ಕಿರಣ. ವಾಹನ ಉದ್ಯಮದ ಆಸಕ್ತಿಯಿಂದಲೇ ಈ ಅಳತೆ ಪ್ರಯೋಗಾಲಯದಿಂದ ಕಾರ್ಖಾನೆಗೆ ನಡೆದು ಬಂತು. ಅಮೆರಿಕದ ವಾಹನ ಇಂಜಿನಿಯರುಗಳ ಸಂಘ 1971ರಲ್ಲಿ ತಂದ ಕೈಪಿಡಿ ದಶಕಗಳ ಕಾಲ ಈ ಕೆಲಸಗಾರರ ಪಠ್ಯವಾಗಿತ್ತು. ಯೂರೋಪಿನ ದೇಶಗಳು ತಮ್ಮದೇ ಮಾನಕ ಗೊತ್ತುಮಾಡಿಕೊಂಡದ್ದು 2008ರಲ್ಲಿ.

ಬಿಗಿತವನ್ನು ಬೇಕೆಂದೇ ತುಂಬುವ ಇನ್ನೊಂದು ವಸ್ತು ಬೆಂಗಳೂರಿನ ಯಲಹಂಕದಲ್ಲಿ ತಯಾರಾಗುತ್ತದೆ. 1984ರಲ್ಲಿ ಆರಂಭವಾದ ಅಲ್ಲಿನ ರೈಲು ಗಾಲಿ ಕಾರ್ಖಾನೆಯಲ್ಲಿ ಎರಕ ಹೊಯ್ದ ಗಾಲಿಯನ್ನು ಕಾಯಿಸಿ, ಅಂಚಿಗೆ ಮಾತ್ರ ನೀರು ಚಿಮ್ಮಿಸುತ್ತಾರೆ. ಅಂಚು ಮೊದಲು ತಣ್ಣಗಾಗಿ ಗಟ್ಟಿಯಾಗುತ್ತದೆ. ಆಮೇಲೆ ನಡುಭಾಗ ಕುಗ್ಗುತ್ತ ಅಂಚನ್ನು ಒಳಕ್ಕೆ ಸೆಳೆದು ಒತ್ತಡದಲ್ಲಿಡುತ್ತದೆ. ಕಮ್ಮಾರನ ಚಕ್ರಕ್ಕೆ ಇದು ತಿರುವುಮುರುವು. ಅಲ್ಲಿ ಹೊರಗಿನ ಪಟ್ಟಿ ಎಳೆತದಲ್ಲಿತ್ತು, ಇಲ್ಲಿ ಹೊರಗಿನ ಅಂಚು ಒತ್ತಡದಲ್ಲಿದೆ. ಓಟದಲ್ಲಿ ಅಂಚಿನಲ್ಲಿ ಸಣ್ಣ ಬಿರುಕು ಎದ್ದರೂ ಬೆಳೆಯಲು ಬಿಡದ ಕಾವಲು ಅದು. ಆದರೆ ಮತ್ತೆಮತ್ತೆ ಬ್ರೇಕು ಒತ್ತಿ ಅಂಚು ವಿಪರೀತ ಕಾಯ್ದರೆ ಈ ಒತ್ತಡ ಕರಗಿ, ತಣ್ಣಗಾದಾಗ ಎಳೆತವಾಗಿ ತಿರುಗುವುದೂ ಉಂಟು. ಗಾಲಿ ನೋಡಲು ಮೊದಲಿನಂತೆಯೇ ಇರುತ್ತದೆ, ಕಾವಲುಗಾರ ಮಾತ್ರ ಪಕ್ಷ ಬದಲಿಸಿರುತ್ತಾನೆ. ಇದನ್ನು ತಿಳಿಯಲು ಗಾಲಿ ತಯಾರಕರು ಬಳಸುತ್ತ ಬಂದಿರುವ ಹಳೆಯ ವಿಧಾನ ಗರಗಸ. ಅಂಚಿನಿಂದ ಒಳಕ್ಕೆ ಕೊಯ್ಯುವುದು. ಸೀಳು ಮುಚ್ಚಿಕೊಂಡರೆ ಒತ್ತಡ, ಬಾಯಿ ತೆರೆದರೆ ಎಳೆತ. ಕೊಯ್ದ ಗಾಲಿ ಗುಜರಿಗೆ.

ಕ್ಷ-ಕಿರಣ ಹೀಗೆ ಗುಜರಿಗೆ ಕಳಿಸುವುದಿಲ್ಲವಾದರೂ ಅದರ ಮಿತಿ ದೊಡ್ಡದೇ. ಉಕ್ಕಿನೊಳಗೆ ಅದು ಇಳಿಯುವುದು ಮಿಲಿಮೀಟರಿನ ಸಾವಿರದಲ್ಲಿ ಐದು ಭಾಗದಷ್ಟು. ಕೂದಲಿನ ದಪ್ಪಕ್ಕೂ ಸಮನಲ್ಲ. ಅದಕ್ಕಿಂತ ಕೆಳಗೆ ನೋಡಬೇಕೆಂದರೆ ಆಮ್ಲದ ದ್ರಾವಣ ಮತ್ತು ವಿದ್ಯುತ್ತಿನಿಂದ ತೊಗಲನ್ನು ಸ್ವಲ್ಪಸ್ವಲ್ಪವೇ ಕರಗಿಸುತ್ತ ಹೋಗಬೇಕು. ಸಾಣೆಕಲ್ಲು ಹಿಡಿದು ತೆಗೆಯುವಂತಿಲ್ಲ, ಸಾಣೆಯೇ ಹೊಸ ಬಿಗಿತ ತುಂಬಿಬಿಡುತ್ತದೆ. ಬೆಸುಗೆಯ ಗೆರೆಯಲ್ಲಿ ಹರಳುಗಳು ದಪ್ಪವಾಗಿದ್ದರೆ ಓದು ತಪ್ಪುತ್ತದೆ. ಉಪಕರಣಗಳೇನೋ ಚಿಕ್ಕದಾಗಿವೆ. 1978ರಲ್ಲಿ ಜಪಾನಿನ ತೈರಾ ಮತ್ತು ಸಂಗಡಿಗರು ಸೂಚಿಸಿದ, ಭಾಗವನ್ನು ವಾಲಿಸದೆ ಹಿಂದಿರುಗುವ ಕಿರಣಗಳ ಇಡೀ ಉಂಗುರವನ್ನು ಒಮ್ಮೆಗೇ ಹಿಡಿದು ಲೆಕ್ಕ ಹಾಕುವ ವಿಧಾನ, ಇತ್ತೀಚಿನ ವರ್ಷಗಳಲ್ಲಿ ಕೈಯಲ್ಲಿ ಹೊತ್ತೊಯ್ಯುವ ಯಂತ್ರಗಳಲ್ಲಿ ಬಳಕೆಗೆ ಬಂದಿದೆ.

ಆಳಕ್ಕೆ ಇಳಿಯಲು ನ್ಯೂಟ್ರಾನ್ ಕಿರಣಗಳಿವೆ. 1980ರ ದಶಕದ ಆರಂಭದಿಂದ ಬಳಕೆಯಲ್ಲಿರುವ ಈ ವಿಧಾನದಲ್ಲೂ ಸೂತ್ರ ಬ್ರಾಗ್‌ನದೇ, ಉಕ್ಕಿನೊಳಗೆ ಸೆಂಟಿಮೀಟರುಗಟ್ಟಲೆ ಹೊಕ್ಕು ನೋಡಬಹುದು. ಆದರೆ ನ್ಯೂಟ್ರಾನ್ ಸಿಗುವುದು ಪರಮಾಣು ರಿಯಾಕ್ಟರಿನಲ್ಲಿ, ಇಲ್ಲವೇ ಭಾರಿ ವೇಗವರ್ಧಕದಲ್ಲಿ. ಪರೀಕ್ಷೆಯ ಭಾಗವನ್ನು ಅಲ್ಲಿಗೆ ಸಾಗಿಸಬೇಕು. ಸೇತುವೆಯನ್ನು ಹೊತ್ತೊಯ್ಯುವುದು ಹೇಗೆ? ಅದರ ದಪ್ಪ ಬೆಸುಗೆಗಳ ಒಳಬಿಗಿತ ತಿಳಿಯಬೇಕಾದಾಗ ಇಂಜಿನಿಯರುಗಳು ಇವತ್ತಿಗೂ ಒಂದೆರಡು ಮಿಲಿಮೀಟರಿನ ಪುಟ್ಟ ತೂತು ಕೊರೆದು, ಸುತ್ತಲಿನ ಲೋಹ ಎಷ್ಟು ಸರಿಯಿತೆಂದು ನೋಡುತ್ತಾರೆ. ಜರ್ಮನಿಯ ಮಾಥರ್ 1934ರಲ್ಲಿ ಹೇಳಿಕೊಟ್ಟ ವಿಧಾನ ಅದು.